ನಿದ್ದೆ ಇತ್ತು, ಪುರುಸೊತ್ತು ಇರಲಿಲ್ಲ: ಸ್ಕೈಲ್ಯಾಬ್ ಮೂರನೇ ತಂಡದ ಪ್ರಕರಣ

ಸ್ಕೈಲ್ಯಾಬ್ ಅಂದರೆ ನಮ್ಮ ಹಿರಿಯರಿಗೆ ನೆನಪಾಗುವುದು ಒಂದೇ ವಿಷಯ. ಅದು ಬೀಳುತ್ತದೆ, ಯಾರ ತಲೆ ಮೇಲೋ ಗೊತ್ತಿಲ್ಲ ಎಂಬ 1979ರ ಭಯ. ಕೊನೆಗೆ ಆ ವರ್ಷ ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಬಿದ್ದವು. ನಮ್ಮವರು ನಿಟ್ಟುಸಿರು ಬಿಟ್ಟರು. ಅದಕ್ಕೂ ಐದಾರು ವರ್ಷ ಮೊದಲು ಅದೇ ನಿಲ್ದಾಣದೊಳಗೆ ನಡೆದ ಒಂದು ಪ್ರಸಂಗ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಮೂವರು ಗಗನಯಾತ್ರಿಗಳು ಅಲ್ಲಿ 84 ದಿನ ಇದ್ದರು. ವೇಳಾಪಟ್ಟಿಯಲ್ಲಿ ದಿನಕ್ಕೆ ಎಂಟು ಗಂಟೆ ನಿದ್ದೆಗೆ ಜಾಗ ಇತ್ತು. ಆದರೂ ಆರು ವಾರ ಕಳೆಯುವಷ್ಟರಲ್ಲಿ ಅವರು ಸೋತು ಹೋಗಿದ್ದರು. ಸಣ್ಣಪುಟ್ಟ ತಪ್ಪುಗಳಾಗುತ್ತಿದ್ದವು. ಭೂಮಿಯ ಮೇಲಿದ್ದ ತಮ್ಮದೇ ಜನರ ಮೇಲೆ ಸಿಡುಕು ಬರುತ್ತಿತ್ತು. ಆಮೇಲೆ ಪಟ್ಟಿಯಲ್ಲಿ ನಿದ್ದೆಯ ಹೊತ್ತು ಹೆಚ್ಚಲಿಲ್ಲ, ಆದರೂ ಅವರು ಚೇತರಿಸಿಕೊಂಡರು.

"ರಾತ್ರಿ ಚೆನ್ನಾಗೇ ಮಲಗಿದ್ದೆ, ಬೆಳಿಗ್ಗೆ ಎದ್ದರೆ ಮತ್ತೆ ಸುಸ್ತು" ಎನ್ನುವವರು ಈಗ ಮನೆಗೊಬ್ಬರು ಇದ್ದಾರೆ, ಅಲ್ವಾ? ಅಂಥವರಿಗೆ ಈ ಪ್ರಕರಣ ಕೆಲಸಕ್ಕೆ ಬರುತ್ತದೆ. ಕಾರಣ, ಇಲ್ಲಿ ಊಹೆಗೆ ಜಾಗ ಕಮ್ಮಿ. ಗಗನಯಾತ್ರಿಗಳ ಮಾತು ಟೇಪಿನಲ್ಲಿದೆ. ಊಟದ ಲೆಕ್ಕ ಇದೆ. ನಿದ್ದೆಯನ್ನೂ ಯಂತ್ರದಿಂದ ಅಳೆದಿದ್ದರು.

ಮನೆ ಮತ್ತು ಮೂವರು

ಸ್ಕೈಲ್ಯಾಬ್ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ. 1973ರ ಮೇ 14ರಂದು ಮೇಲೆ ಹೋಯಿತು. ಭೂಮಿಯಿಂದ ಸುಮಾರು 435 ಕಿಲೋಮೀಟರ್ ಎತ್ತರದಲ್ಲಿ, ಒಂದೂವರೆ ಗಂಟೆಗೆ ಒಂದು ಸುತ್ತಿನಂತೆ ತಿರುಗುತ್ತಿತ್ತು. ಅಂದಿನ ಬೇರೆ ನೌಕೆಗಳಿಗೆ ಹೋಲಿಸಿದರೆ ಒಳಗೆ ಧಾರಾಳ ಜಾಗ. ಒಬ್ಬೊಬ್ಬರಿಗೂ ಮಲಗಲು ಬೇರೆ ಬೇರೆ ಗೂಡು. ಮೂವರೂ ಎದುರುಬದುರು ಕೂತು ಉಣ್ಣಲು ಒಂದು ಮೇಜು. ಊಟದ ಕೋಣೆಯಲ್ಲಿ ಒಂದು ಕಿಟಕಿ. ಈ ಕಿಟಕಿ ಬೇಕು ಎಂದು ಪಟ್ಟು ಹಿಡಿದವರಲ್ಲಿ ರೇಮಂಡ್ ಲೋವಿ ಒಬ್ಬರು. ಕಾರು, ರೈಲು ಎಂಜಿನ್ನುಗಳಿಗೆ ರೂಪ ಕೊಟ್ಟು ಹೆಸರಾಗಿದ್ದ ವಿನ್ಯಾಸಕ. ಒಳಗೆ ಮನುಷ್ಯರು ಬದುಕುವಂತಿರಬೇಕು ಎಂದು ಸಲಹೆ ಕೊಡಲು ನಾಸಾ ಅವರನ್ನು ಕರೆದಿತ್ತು. ಎಂಜಿನಿಯರುಗಳಿಗೆ ಕಿಟಕಿ ಎಂದರೆ ತಲೆನೋವು: ತೂಕ, ಖರ್ಚು, ಸೋರಿಕೆಯ ಭಯ. ಅಂತೂ ಕಿಟಕಿ ಬಂತು. ಈ ಪ್ರಕರಣದಲ್ಲಿ ಅದರ ಪಾತ್ರ ದೊಡ್ಡದು.

ಮೊದಲ ತಂಡ 28 ದಿನ ಇತ್ತು, ಎರಡನೆಯದು 59 ದಿನ. ಎರಡನೇ ತಂಡದವರು ಕೆಲಸದ ರಾಕ್ಷಸರು. ಕೊಟ್ಟದ್ದನ್ನು ಮುಗಿಸಿ ಇನ್ನೂ ಕೊಡಿ ಎಂದು ಕೇಳಿದವರು. ಅವರು ಕೊನೆಯ ದಿನಗಳಲ್ಲಿ ಮುಟ್ಟಿದ ವೇಗವನ್ನೇ ನಾಸಾದ ಹ್ಯೂಸ್ಟನ್ ನಿಯಂತ್ರಣ ಕೇಂದ್ರದ ಯೋಜಕರು ಮೂರನೇ ತಂಡಕ್ಕೆ ಅಳತೆಗೋಲು ಮಾಡಿಕೊಂಡರು.

ಮೂರನೇ ತಂಡದ ನಾಯಕ ಜೆರಾಲ್ಡ್ ಕಾರ್. ಜೊತೆಗೆ ಸೂರ್ಯನ ಬಗ್ಗೆ ಅಧ್ಯಯನ ಮಾಡಿದ್ದ ವಿಜ್ಞಾನಿ ಎಡ್ವರ್ಡ್ ಗಿಬ್ಸನ್, ವಾಯುಪಡೆಯ ಪೈಲಟ್ ವಿಲಿಯಂ ಪೋಗ್. ಮೂವರಿಗೂ ಅದು ಮೊದಲ ಬಾಹ್ಯಾಕಾಶ ಯಾನ. 1973ರ ನವೆಂಬರ್ 16ರಂದು ಹೊರಟರು. ಹಿಂದಿನ ತಂಡ ಅವರಿಗೆ ಒಂದು ತಮಾಷೆ ಬಿಟ್ಟು ಹೋಗಿತ್ತು. ಬಟ್ಟೆ ತುಂಬಿದ ಮೂರು ಗೊಂಬೆಗಳು, ಮೈಮೇಲೆ ಗಗನಯಾತ್ರಿಗಳ ಉಡುಪು. ನಗಲಿಕ್ಕೆ ಒಳ್ಳೆಯದೇ. ಆದರೆ ಅವನ್ನು ಬಿಚ್ಚಿ ಎತ್ತಿಡುವಷ್ಟೂ ಪುರುಸೊತ್ತಿಲ್ಲದೆ, ಸ್ವಲ್ಪ ದಿನ ಗೊಂಬೆಗಳು ಹಾಗೇ ಇದ್ದವು.

ಮೊದಲ ಆರು ವಾರ

ಶುರುವಿನಲ್ಲೇ ಎಡವಟ್ಟಾಯಿತು. ಹೋದ ದಿನವೇ ಪೋಗ್ ಅವರಿಗೆ ವಾಂತಿ. ತೂಕವಿಲ್ಲದ ಸ್ಥಿತಿಗೆ ದೇಹ ಒಗ್ಗುವ ತನಕ ಇದು ಎಷ್ಟೋ ಗಗನಯಾತ್ರಿಗಳಿಗೆ ಆಗುತ್ತದೆ. ಇದನ್ನು ದೊಡ್ಡದು ಮಾಡುವುದು ಬೇಡ, ಕೆಳಗಿನವರಿಗೆ ಹೇಳುವುದೇ ಬೇಡ ಎಂದು ಮೂವರೂ ಮಾತಾಡಿಕೊಂಡರು. ಆ ಮಾತು ನೌಕೆಯ ಟೇಪಿನಲ್ಲಿ ದಾಖಲಾಗಿ ಹ್ಯೂಸ್ಟನ್‌ಗೆ ತಲುಪಿತು. ಗಗನಯಾತ್ರಿಗಳ ಮುಖ್ಯಸ್ಥರಾಗಿದ್ದ ಅಲನ್ ಶೆಪರ್ಡ್ ಎಲ್ಲರೂ ಕೇಳುವ ರೇಡಿಯೋದಲ್ಲೇ ಕಾರ್ ಅವರಿಗೆ ಬುದ್ಧಿ ಹೇಳಿದರು. ಕಾರ್ ತಪ್ಪು ಒಪ್ಪಿಕೊಂಡರು. ಅಲ್ಲಿಗೆ ವಿಷಯ ಮುಗಿದಂತೆ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ನಾವು ಆಡಿದ್ದೆಲ್ಲ ಯಾರೋ ಕೇಳುತ್ತಿದ್ದಾರೆ, ಇನ್ನೊಮ್ಮೆ ತಪ್ಪಬಾರದು ಎಂಬ ಬಿಗಿ ಮೊದಲ ವಾರದಲ್ಲೇ ಒಳಗೆ ಕೂತಿತು. ಕೆಲಸ ಜಾಸ್ತಿಯಾದಾಗ "ಆಗುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಲು ಅವರು ಅಷ್ಟು ದಿನ ತೆಗೆದುಕೊಂಡದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಇನ್ನು ದಿನಚರಿ. ಬೆಳಿಗ್ಗೆ ಎದ್ದರೆ ಟೆಲಿಪ್ರಿಂಟರಿನಿಂದ ಉದ್ದನೆಯ ಕಾಗದದ ಸುರುಳಿ. ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕು, ಯಾವ ಗುಂಡಿ ಒತ್ತಬೇಕು, ಎಲ್ಲವೂ ನಿಮಿಷದ ಲೆಕ್ಕದಲ್ಲಿ. ಸೂರ್ಯನ ದೂರದರ್ಶಕ, ಭೂಮಿಯ ಚಿತ್ರಗಳು, ರಕ್ತ ಪರೀಕ್ಷೆ. ಇದರ ಮೇಲೆ ಕೊಹೌಟೆಕ್ ಧೂಮಕೇತು ಬೇರೆ. ಅದು ಡಿಸೆಂಬರ್ 28ಕ್ಕೆ ಸೂರ್ಯನ ಹತ್ತಿರ ಬರುವುದಿತ್ತು. ಕ್ರಿಸ್‌ಮಸ್ ದಿನ ಕಾರ್ ಮತ್ತು ಪೋಗ್ ಸುಮಾರು ಏಳು ಗಂಟೆ ಹೊರಗಿದ್ದರು, ಬಾಹ್ಯಾಕಾಶ ಉಡುಪಿನಲ್ಲಿ. ವ್ಯಾಯಾಮಕ್ಕೆ ದಿನಕ್ಕೆ ಒಂದೂವರೆ ಗಂಟೆ. ಮೊದಲ ತಂಡಕ್ಕೆ ಅದು ಬರೀ ಅರ್ಧ ಗಂಟೆ ಇತ್ತು. ಕೆಲವೊಮ್ಮೆ ಊಟ ಆದ ಕೂಡಲೇ ಸೈಕಲ್ ತುಳಿಯಬೇಕು ಎಂದು ಪಟ್ಟಿ ಹೇಳುತ್ತಿತ್ತು.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಹೊತ್ತನ್ನು ಯೋಜಕರು ಸರಿಯಾಗಿ ಲೆಕ್ಕ ಹಿಡಿದಿರಲಿಲ್ಲ. ಸಾಮಾನು ಹುಡುಕುವುದು ಅದಕ್ಕಿಂತ ದೊಡ್ಡ ಗೋಳು. ಹೊಸ ಬಾಡಿಗೆ ಮನೆಗೆ ಹೋದ ಮೊದಲ ವಾರ ಸಾಸಿವೆ ಡಬ್ಬಿ ಹುಡುಕುವಷ್ಟರಲ್ಲಿ ಒಗ್ಗರಣೆ ಎಣ್ಣೆ ಹೊಗೆಯಾಡುತ್ತದಲ್ಲ, ಥೇಟ್ ಹಾಗೆ. ಇಲ್ಲಿ ಡಬ್ಬಿ ತೇಲಿಕೊಂಡು ಬೇರೆ ಹೋಗುತ್ತದೆ! ಪೋಗ್ ಹೇಳಿದ್ದು ಇದನ್ನೇ. ಒಂದು ಮುಗಿಯುವ ಮುಂಚೆ ಇನ್ನೊಂದಕ್ಕೆ ಓಡಬೇಕು, ಸಿದ್ಧತೆಗೆ ಹೊತ್ತಿಲ್ಲ, ಅದಕ್ಕೇ ತಪ್ಪಾಗುತ್ತಿದೆ ಎಂದು. ಬಾಕಿ ಉಳಿದ ಕೆಲಸ ಊಟದ ಹೊತ್ತನ್ನು ತಿಂದಿತು, ಸಂಜೆಯನ್ನು ತಿಂದಿತು. ಮೊದಮೊದಲು ರಜೆಯ ದಿನವೂ ಅದರಲ್ಲೇ ಹೋಯಿತು.

ಹಾಗಾದರೆ ನಿದ್ದೆ? ಸ್ಕೈಲ್ಯಾಬ್‌ನಲ್ಲಿ ಪ್ರತಿ ತಂಡದ ಒಬ್ಬರು ಕೆಲವು ರಾತ್ರಿ ತಲೆಗೆ ವಿಶೇಷ ಟೋಪಿ ಹಾಕಿ ಮಲಗುತ್ತಿದ್ದರು. ಅದು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಿತ್ತು. ಮೂರನೇ ತಂಡದಲ್ಲಿ ಆ ಟೋಪಿ ಗಿಬ್ಸನ್ ಪಾಲಿಗೆ ಬಂತು. ಒಟ್ಟಾರೆ ಸಿಕ್ಕ ಉತ್ತರ: ಎಂಟು ಗಂಟೆಯ ಬಿಡುವು ಕೊಟ್ಟರೆ ಬಾಹ್ಯಾಕಾಶದಲ್ಲೂ ಮನುಷ್ಯನಿಗೆ ಸಾಕಾಗುವಷ್ಟು ನಿದ್ದೆ ಆಗುತ್ತದೆ. ಅಂದರೆ ಇವರ ದಣಿವಿನ ಬೇರು ಹಾಸಿಗೆಯಲ್ಲಿ ಇರಲಿಲ್ಲ. ಉಳಿದ ಹದಿನಾರು ಗಂಟೆಯಲ್ಲಿತ್ತು.

ಡಿಸೆಂಬರ್ 30

ತಿಂಗಳ ಕೊನೆಗೆ ಕಾರ್ ಒಂದು ಸಂದೇಶ ಕಳಿಸಿದರು. ನಾವು ಎಲ್ಲಿದ್ದೇವೆ, ಎಷ್ಟು ಹಿಂದಿದ್ದೇವೆ, ನಮ್ಮ ಬಗ್ಗೆ ನಿಮಗೇನನ್ನಿಸುತ್ತಿದೆ, ಮುಚ್ಚುಮರೆ ಇಲ್ಲದೆ ಮಾತಾಡೋಣ ಎಂದು. 1973ರ ಡಿಸೆಂಬರ್ 30ರಂದು ಆ ಮಾತುಕತೆ ನಡೆಯಿತು. ಅವತ್ತಿನ ಕಾಲದಲ್ಲಿ ನೌಕೆ ಯಾವುದಾದರೂ ಭೂಕೇಂದ್ರದ ಮೇಲೆ ಹಾದಾಗಷ್ಟೇ ಮಾತಾಡಲು ಆಗುತ್ತಿತ್ತು. ಒಂದು ಹಾಯುವಿಕೆಯಲ್ಲಿ ಮೇಲಿನವರು ತಮ್ಮ ಕಷ್ಟವನ್ನೆಲ್ಲ ಹೇಳಿಕೊಂಡರು. ಇನ್ನೊಂದರಲ್ಲಿ ಕೆಳಗಿನವರು ತಮ್ಮದನ್ನು ಹೇಳಿದರು. ಭೂಮಿಯ ಮೇಲೆ ಯಾರೂ ನಮ್ಮಿಂದ 85 ದಿನ ಸತತವಾಗಿ ದಿನಕ್ಕೆ 16 ಗಂಟೆ ದುಡಿಮೆ ನಿರೀಕ್ಷಿಸುವುದಿಲ್ಲ, ಇಲ್ಲಿ ಮಾತ್ರ ಯಾಕೆ ಎಂಬುದು ಕಾರ್ ವಾದ. ಯೋಜಕರಿಗೂ ಅಳುಕಿತ್ತು. ಸುಮ್ನೆ ಪಟ್ಟಿ ತುಂಬುತ್ತಾ ಹೋದೆವು, ಇವರು ತಡೆಯಲೂ ಇಲ್ಲ, ಹೇಳಲೂ ಇಲ್ಲ ಎಂದು.

ಆಮೇಲೆ ಬದಲಾದದ್ದು ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಊಟದ ಹೊತ್ತಿಗೆ ಕೆಲಸ ಹಾಕುವುದಿಲ್ಲ, ಉಂಡ ಕೂಡಲೇ ವ್ಯಾಯಾಮ ಇಲ್ಲ. ಸಂಜೆ ಊಟದ ನಂತರದ ಹೊತ್ತು ಅವರದೇ, ಕೆಳಗಿನಿಂದ ಯಾರೂ ಕರೆಯುವುದಿಲ್ಲ. ಗಡಿಯಾರಕ್ಕೆ ಅಂಟಿಕೊಳ್ಳಬೇಕಿಲ್ಲದ ಕೆಲಸಗಳನ್ನೆಲ್ಲ ಬೇರೆ ತೆಗೆದು ಒಂದು "ಶಾಪಿಂಗ್ ಲಿಸ್ಟ್" ಮಾಡಿದರು. ಹೊತ್ತು ಸಿಕ್ಕಾಗ ಇಷ್ಟ ಬಂದದ್ದನ್ನು ಆರಿಸಿ ಮಾಡಿ ಎಂದರು. ವ್ಯಾಯಾಮದ ಒಂದೂವರೆ ಗಂಟೆಗೆ ಕತ್ತರಿ ಬೀಳಲಿಲ್ಲ.

ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಆ ಶಾಪಿಂಗ್ ಲಿಸ್ಟ್. ಅದರಲ್ಲಿದ್ದವೂ ಕೆಲಸಗಳೇ. ಮಾಡುವ ಮನುಷ್ಯನೂ ಅವನೇ. ಆದರೆ ಯಾವುದು ಮೊದಲು, ಯಾವುದು ನಾಳೆಗೆ ಎಂಬ ತೀರ್ಮಾನ ಕೆಳಗಿನವರ ಕೈಯಿಂದ ಇವರ ಕೈಗೆ ಬಂತು. ಇಡೀ ದಿನ ಇನ್ನೊಬ್ಬರ ಗಡಿಯಾರಕ್ಕೆ ಓಡಿದವನಿಗೆ ತನ್ನ ಹೊತ್ತನ್ನು ತಾನೇ ಹಂಚಿಕೊಳ್ಳುವುದೇ ಅರ್ಧ ವಿಶ್ರಾಂತಿ. ಮಧ್ಯಾಹ್ನ ಮಲಗಲು ಹೊತ್ತಿದ್ದರೂ "ಕಾಫಿ ಆಯ್ತಾ?" "ನನ್ನ ಶರ್ಟ್ ಎಲ್ಲಿ?" ಎಂಬ ಕರೆಗೆ ಕಿವಿ ತೆರೆದೇ ಇಟ್ಟುಕೊಳ್ಳುವ ನಮ್ಮ ಮನೆಗಳ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಿಟಕಿಯ ಹತ್ತಿರ

ನಾಸಾ ಸ್ಕೈಲ್ಯಾಬ್‌ಗೆ ಮನರಂಜನೆಯ ಸಾಮಾನು ಕಳಿಸಿತ್ತು. ಇಸ್ಪೀಟು, ಪುಸ್ತಕ, ಹಾಡಿನ ಟೇಪು, ಅಂಟುವ ಡಾರ್ಟುಗಳು. ಹಾಡು, ಪುಸ್ತಕ ಬಳಕೆಯಾದವು. ಉಳಿದವು ಹೆಚ್ಚಾಗಿ ಹಾಗೇ ಬಿದ್ದಿದ್ದವು. ಎಲ್ಲ ತಂಡದವರಿಗೂ ಇಷ್ಟವಾದ ಕಾಲಕ್ಷೇಪ ಎಂದರೆ ಕಿಟಕಿಯಿಂದ ಹೊರಗೆ ನೋಡುವುದು. ಮೂರನೇ ತಂಡದವರು ಇದರಲ್ಲಿ ಇನ್ನೂ ಒಂದು ಕೈ ಮುಂದೆ. ಸಾಗರದ ಹರಿವು, ಮರುಭೂಮಿಯ ಗೆರೆ, ಚಳಿಗಾಲದ ಹಿಮಗಡ್ಡೆ, ಮೋಡ. ಎಷ್ಟು ನೋಡಿದರೂ ಮುಗಿಯುವುದಿಲ್ಲ.

ಇದು ಕೆಲಸವೋ ವಿಶ್ರಾಂತಿಯೋ? ಎರಡೂ. ಅವರು ನೋಡಿ ಬರೆದುಕೊಂಡದ್ದು, ತೆಗೆದ ಫೋಟೊಗಳು ಭೂವಿಜ್ಞಾನಿಗಳಿಗೆ ಉಪಯೋಗವಾದವು. ಹಾಗೆಂದು ನೋಡುವವನಿಗೆ ಅದು ಭಾರ ಅನ್ನಿಸಲಿಲ್ಲ. ಗುರಿಯಿಟ್ಟು ಗಮನ ಕೊಡುವುದು ಒಂದು ರೀತಿ, ನೋಟ ತಾನಾಗಿ ಎಳೆದುಕೊಂಡು ಹೋಗುವುದು ಇನ್ನೊಂದು ರೀತಿ. ಮೊದಲನೆಯದು ದಣಿಸುತ್ತದೆ, ಎರಡನೆಯದು ಆ ದಣಿವನ್ನು ಕಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಸ್ಟೀಫನ್ ಕಪ್ಲಾನ್ ಮುಂದೆ ವಿವರಿಸಿದರು. ಕಿಟಕಿಯ ಬಗ್ಗೆಯೇ ಒಂದು ಹೆಸರಾಂತ ಅಧ್ಯಯನ ಇದೆ. 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳ ದಾಖಲೆ ನೋಡಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಬೇಕಾಯಿತು.

ಗಿಬ್ಸನ್ ಅವರ ಕಥೆ ಸ್ವಲ್ಪ ಬೇರೆ. ಅವರಿಗೆ ಸೂರ್ಯನೇ ಪ್ರೀತಿ. ಬಿಡುವು ಸಿಕ್ಕರೆ ದೂರದರ್ಶಕದ ಫಲಕದ ಮುಂದೆ ಹೋಗಿ ಕೂರುತ್ತಿದ್ದರು. ಸೌರಜ್ವಾಲೆ ಯಾವಾಗ ಏಳುತ್ತದೆ ಎಂದು ಪಟ್ಟಿ ಹಾಕಿ ಹೇಳಲಾಗುವುದಿಲ್ಲ. ಕಾಯಬೇಕು. 1974ರ ಜನವರಿ 21ರಂದು ಒಂದು ಜ್ವಾಲೆ ಹುಟ್ಟುವ ಕ್ಷಣದಿಂದಲೇ ಅವರ ಕ್ಯಾಮೆರಾಕ್ಕೆ ಸಿಕ್ಕಿತು. ಬಾಹ್ಯಾಕಾಶದಿಂದ ಹೀಗೆ ಮೊದಲಿನಿಂದ ದಾಖಲಾದದ್ದು ಅದೇ ಮೊದಲು. ನಿಮಿಷ ನಿಮಿಷಕ್ಕೆ ಓಡಿಸುವ ವೇಳಾಪಟ್ಟಿಯಲ್ಲಿ ಇಂಥ ಕಾಯುವಿಕೆಗೆ ಜಾಗ ಎಲ್ಲಿ?

ಸ್ನಾನದ ವಿಷಯವನ್ನೂ ಹೇಳಬೇಕು. ಸ್ಕೈಲ್ಯಾಬ್‌ನಲ್ಲಿ ಮಡಚುವ ಶವರ್ ಇತ್ತು. ಕೇಳಲು ಸುಖ. ಆದರೆ ಅದನ್ನು ಬಿಡಿಸಿ ನಿಲ್ಲಿಸಿ, ಮೈ ತೊಳೆದು, ತೇಲುವ ನೀರ ಹನಿಗಳನ್ನೆಲ್ಲ ಹೀರಿ ಒಣಗಿಸುವಷ್ಟರಲ್ಲಿ ಸುಮಾರು ಎರಡೂವರೆ ಗಂಟೆ! ವಿಶ್ರಾಂತಿಗೆಂದು ಕೊಟ್ಟದ್ದು ಇನ್ನೊಂದು ಕೆಲಸವಾಯಿತು. ಬೆಳಿಗ್ಗೆ ಧ್ಯಾನ ಮಾಡಿ ಎಂದು ಮೊಬೈಲ್ ಬಡಿದುಕೊಳ್ಳುವಾಗ, ಯೋಗದ ಕ್ಲಾಸಿಗೆ ಟ್ರಾಫಿಕ್‌ನಲ್ಲಿ ಒಂದು ಗಂಟೆ ಹಾರ್ನ್ ಹೊಡೆಯುತ್ತಾ ಹೋಗುವಾಗ ನನಗೆ ಈ ಶವರ್ ನೆನಪಾಗುತ್ತದೆ.

ಮುಷ್ಕರದ ಕಥೆ

ಈ ಪ್ರಕರಣ ಗೊತ್ತಿರುವ ಬಹಳ ಜನ ಕೇಳಿರುವುದು ಬೇರೆಯೇ ಆವೃತ್ತಿ. ಮೂವರೂ ಸಿಟ್ಟಿಗೆದ್ದು ರೇಡಿಯೋ ಆರಿಸಿ ಒಂದು ದಿನ ಮುಷ್ಕರ ಹೂಡಿದರು ಎಂದು. 1980ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಬಾಹ್ಯಾಕಾಶದ ಮುಷ್ಕರ ಎಂಬ ಅರ್ಥದ ಹೆಸರಿನಲ್ಲೇ ಇದನ್ನು ಪಾಠ ಮಾಡಿತು. ಮುಷ್ಕರ ನಡೆದಿಲ್ಲ. ಒಮ್ಮೆ ಭೂಕೇಂದ್ರದ ಕರೆ ಬರುವ ಹೊತ್ತಿಗೆ ಒಬ್ಬರನ್ನು ನಂಬಿ ಇನ್ನೊಬ್ಬರು ಸುಮ್ಮನಿದ್ದರು, ಯಾರೂ ಉತ್ತರಿಸಲಿಲ್ಲ. ಅಷ್ಟೇ. ಅದಕ್ಕೆ ರೆಕ್ಕೆಪುಕ್ಕ ಬಂತು. ಕಥೆ ಚೆನ್ನಾಗಿದೆ, ಆದರೆ ಅದರಿಂದ ತಪ್ಪು ತಿಳಿವಳಿಕೆ ಬರುತ್ತದೆ. ಕೆಲಸ ನಿಲ್ಲಿಸಿದ್ದರಿಂದ ಅವರಿಗೆ ಆರಾಮವಾಯಿತು ಎಂದು. ನಿಜದಲ್ಲಿ ಕೆಲಸ ನಿಲ್ಲಲೇ ಇಲ್ಲ. 1974ರ ಫೆಬ್ರುವರಿ 8ರಂದು ಅವರು ಇಳಿಯುವ ಹೊತ್ತಿಗೆ ಮೊದಲು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಮುಗಿದಿತ್ತು. ದೇಹವೂ ಹಿಂದಿನ ಎರಡು ತಂಡಗಳಿಗಿಂತ ಗಟ್ಟಿಯಾಗಿತ್ತು. ಅದರ ಶ್ರೇಯ ಮುಖ್ಯವಾಗಿ ಆ ಒಂದೂವರೆ ಗಂಟೆಯ ವ್ಯಾಯಾಮಕ್ಕೆ ಸಲ್ಲಬೇಕು.

ಯಾವುದು ದಣಿದಿತ್ತು?

ವಿಶ್ರಾಂತಿಯಲ್ಲಿ ಏಳು ಬಗೆ ಎಂಬ ಒಂದು ಪಟ್ಟಿ ಈಗ ಜನಪ್ರಿಯ: ದೇಹದ್ದು, ಮನಸ್ಸಿನದು, ಕಣ್ಣು-ಕಿವಿಗಳದ್ದು, ಭಾವನೆಯದು, ಒಡನಾಟದ್ದು, ಸೃಜನಶೀಲತೆಯದು, ಅಧ್ಯಾತ್ಮದ್ದು. ಪಟ್ಟಿ ಬೇಡ ಎನ್ನುವುದಿಲ್ಲ. ನಮಗೇನು ದಣಿದಿದೆ ಎಂದು ಕೇಳಿಕೊಳ್ಳಲು ಅದು ಸಾಕು. ಆದರೆ ಏಳಕ್ಕೂ ಏಳು ಬೇರೆ ಮದ್ದು ಹುಡುಕಲು ಹೊರಟರೆ ಶವರಿನ ಕಥೆಯೇ ಆಗುತ್ತದೆ. ಸ್ಕೈಲ್ಯಾಬ್‌ನಲ್ಲಿ ಸಂಜೆಯ ಒಂದು ಗಂಟೆ ಕಿಟಕಿಯ ಮುಂದೆ ಕಳೆದರೆ ಕಣ್ಣಿಗೂ ಮನಸ್ಸಿಗೂ ಒಟ್ಟಿಗೇ ಬಿಡುವು. ಡಿಸೆಂಬರ್ 30ರ ಮಾತುಕತೆ ಒಡನಾಟವನ್ನೂ ಸರಿ ಮಾಡಿತು, ಒಳಗಿನ ಬಿಗಿಯನ್ನೂ ಸಡಿಲಿಸಿತು.

ನನಗೆ ಇದಕ್ಕಿಂತ ಹತ್ತಿರ ಎನಿಸುವುದು 2007ರಲ್ಲಿ ಮನಶ್ಶಾಸ್ತ್ರಜ್ಞರಾದ ಸಬೀನ್ ಸೊನ್ನೆಂಟಾಗ್ ಮತ್ತು ಶಾರ್ಲೆಟ್ ಫ್ರಿಟ್ಜ್ ಕೊಟ್ಟ ನಾಲ್ಕು ಅಂಶಗಳು. ಕೆಲಸದಿಂದ ಮನಸ್ಸು ಕಳಚಿಕೊಳ್ಳುವುದು, ಮೈಮನಸ್ಸು ಸಡಿಲವಾಗುವುದು, ಹೊಸದೇನಾದರೂ ಕಲಿತು ಕೈ ಪಳಗಿಸಿಕೊಳ್ಳುವುದು, ತನ್ನ ಹೊತ್ತು ತನ್ನ ಹಿಡಿತದಲ್ಲಿರುವುದು. ಕೆಲಸ ಮುಗಿಸಿ ಮನೆಗೆ ಬಂದ ಮೇಲಿನ ಹೊತ್ತಿಗಾಗಿ ಮಾಡಿದ ಅಧ್ಯಯನ ಅದು. ಮನೆಯೂ ಕಚೇರಿಯೂ ಒಂದೇ ಡಬ್ಬಿಯೊಳಗಿದ್ದ ಸ್ಕೈಲ್ಯಾಬ್‌ನವರಿಗೆ, ಈಗ ಮನೆಯಿಂದಲೇ ಕೆಲಸ ಮಾಡುವವರಿಗೆ, ಅದು ಇನ್ನೂ ಚೆನ್ನಾಗಿ ಹೊಂದುತ್ತದೆ.

ಒಂದು ಎಚ್ಚರಿಕೆ. ಇಷ್ಟಕ್ಕೇ ಎಲ್ಲ ಸರಿಹೋಯಿತು ಎನ್ನಲಾಗದು. ಆರು ವಾರದಲ್ಲಿ ಯಾರೇ ಆದರೂ ತೂಕವಿಲ್ಲದೆ ಓಡಾಡಲು ಕಲಿಯುತ್ತಾರೆ, ಸಾಮಾನು ಎಲ್ಲಿದೆ ಎಂದು ತಿಳಿದುಕೊಳ್ಳುತ್ತಾರೆ. ಎರಡನೇ ತಂಡವೂ ಶುರುವಿನಲ್ಲಿ ಕಾಯಿಲೆ ಬಿದ್ದು ನಿಧಾನವಾಗಿತ್ತು, ಆಮೇಲೆ ವೇಗ ಹಿಡಿಯಿತು. ಚೇತರಿಕೆಯಲ್ಲಿ ಅಭ್ಯಾಸದ ಪಾಲೆಷ್ಟು, ಬಿಡುವಿನ ಪಾಲೆಷ್ಟು ಎಂದು ಮೂವರ ಅನುಭವದಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಆದರೂ ಮೂರು ಸಂಗತಿ ಕಣ್ಣಿಗೆ ಕಾಣುತ್ತವೆ. ನಿದ್ದೆಯ ಹೊತ್ತು ಹೆಚ್ಚಲಿಲ್ಲ. ವ್ಯಾಯಾಮ ಕಡಿಮೆಯಾಗಲಿಲ್ಲ. ಕೆಲಸ ಹೆಚ್ಚಾಯಿತು, ಸಿಡುಕು ಇಳಿಯಿತು.

ಆಮೇಲೆ

ಸೋವಿಯತ್ ಒಕ್ಕೂಟದವರು ಸಲ್ಯೂಟ್ 6 ನಿಲ್ದಾಣದ ಕಾಲಕ್ಕೆ ಮನೆಯವರ ಜೊತೆ ಮಾತು, ಕಲಾವಿದರ ಜೊತೆ ಹರಟೆ, ಸರಕು ನೌಕೆಯಲ್ಲಿ ಉಡುಗೊರೆ ಎಂದು ವ್ಯವಸ್ಥೆ ಮಾಡಿದರು. ಈಗಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ವಾರದ ಕೊನೆಗೆ ಕೆಲಸ ಹಗುರ. ಗಡಿಯಾರಕ್ಕೆ ಕಟ್ಟದ ಕೆಲಸಗಳ ಪಟ್ಟಿಯೂ ಇದೆ, ಹಳೆಯ ಶಾಪಿಂಗ್ ಲಿಸ್ಟಿನ ಮೊಮ್ಮಗು ಅನ್ನಬಹುದು. 2010ರಲ್ಲಿ ಅಲ್ಲಿಗೆ ಏಳು ಕಿಟಕಿಗಳ, ಗುಮ್ಮಟದಂಥ ಕ್ಯುಪೋಲಾ ಎಂಬ ಗೂಡು ಜೋಡಿಸಿದರು. ಅದಕ್ಕೂ ಮೊದಲೇ, ಅಲ್ಲಿಂದ ತೆಗೆದ ಭೂಮಿಯ ಫೋಟೊಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಶೇ. 80ಕ್ಕೂ ಹೆಚ್ಚು ಚಿತ್ರಗಳು ಯಾರೂ ಹೇಳದೆ, ಗಗನಯಾತ್ರಿಗಳೇ ತಮ್ಮ ಇಷ್ಟದಿಂದ ತೆಗೆದವು ಎಂದು ಕಂಡುಬಂದಿತ್ತು.

ನಮ್ಮ ಗಗನಯಾನಕ್ಕೆ ತರಬೇತಿ ನಡೆಯುವುದು ಬೆಂಗಳೂರಿನಲ್ಲಿ. ಅದರ ಮೊದಲ ಯಾನಗಳು ಮೂರು ದಿನದವು. ಅಷ್ಟರಲ್ಲಿ ಈ ತೊಂದರೆ ತಲೆ ಎತ್ತುವುದಿಲ್ಲ. ಆದರೆ 2035ರ ಹೊತ್ತಿಗೆ ಭಾರತದ್ದೇ ನಿಲ್ದಾಣ ಕಟ್ಟುವ ಯೋಜನೆ ಇದೆ. ಅಲ್ಲಿ ತಿಂಗಳುಗಟ್ಟಲೆ ಇರುವವರಿಗೂ ಯಾರೋ ಕೆಳಗೆ ಕೂತು ದಿನಚರಿ ಬರೆಯಬೇಕಾಗುತ್ತದೆ. ಊಟದ ನಂತರದ ಒಂದು ಗಂಟೆಯನ್ನು ಖಾಲಿ ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ಆಗ ಅವರ ಮೇಜಿನ ಮೇಲೂ ಬರುತ್ತದೆ.